ಬಂದೂಕಿಗೆ ಬದಲು ಹೊಲಿಗೆ ಯಂತ್ರ

ಆಯುಧಪೂಜೆಯ ದಿನ ನಮ್ಮ ಮನೆಗಳಲ್ಲಿ ಏನೇನೆಲ್ಲ ಆಯುಧವಾಗಿಬಿಡುತ್ತದೆ ನೋಡಿ. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಮಕ್ಕಳ ಸೈಕಲ್ಲು, ಯಜಮಾನರ ಸ್ಕೂಟರು, ಎಲ್ಲಕ್ಕೂ ಅರಿಶಿನ ಕುಂಕುಮ, ಒಂದೊಂದು ಚೆಂಡು ಹೂವು. ಅದೇ ಹೊತ್ತಿಗೆ ಊರಿನ ಪೊಲೀಸ್ ಠಾಣೆಯಲ್ಲಿ ಬಂದೂಕುಗಳನ್ನು ಸಾಲಾಗಿ ಜೋಡಿಸಿ ಅವಕ್ಕೂ ಕುಂಕುಮ ಇಡುತ್ತಾರೆ. ಹೊಲಿಯುವುದಕ್ಕೂ ಕೊಲ್ಲುವುದಕ್ಕೂ ನಮ್ಮಲ್ಲಿ ಒಂದೇ ಹೆಸರು, ಒಂದೇ ಪೂಜೆ!

ಚರಿತ್ರೆಯನ್ನು ಕೆದಕಿದರೆ ಈ ಎರಡಕ್ಕೂ ನಿಜವಾದ ನೆಂಟಸ್ತಿಕೆಯೇ ಇದೆ. ಸ್ವೀಡನ್ನಿನ ಹಸ್ಕ್‌ವಾರ್ನ ಕಾರ್ಖಾನೆ 1689ರಲ್ಲಿ ಹುಟ್ಟಿದ್ದು ಸೈನ್ಯಕ್ಕೆ ಕೋವಿ ಮಾಡಿಕೊಡಲು; 1872ರಲ್ಲಿ ಅದು ಹೊಲಿಗೆ ಯಂತ್ರಕ್ಕೆ ಕೈ ಹಾಕಿತು. ಅಮೆರಿಕದ ರೆಮಿಂಗ್ಟನ್ ಕೋವಿ ಕಾರ್ಖಾನೆಗೆ 1865ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ ಕೆಲಸ ಕಡಿಮೆಯಾಯಿತು. ಅದೂ ಹೊಲಿಗೆ ಯಂತ್ರ ತಯಾರಿಸಿತು. ಅದರ ಮೊದಲ ಟೈಪ್‌ರೈಟರು ಕೂಡ ಹೊಲಿಗೆ ಯಂತ್ರದ ಸ್ಟ್ಯಾಂಡಿನ ಮೇಲೆ, ಕಾಲಿನ ಪೆಡಲ್ ಸಮೇತ ಹೊರಬಂತು. ಕೋವಿಯ ಬಿಡಿಭಾಗಗಳನ್ನು ಒಂದರಂತೆ ಇನ್ನೊಂದು ಕೊರೆದು ಮಾಡುವ ವಿದ್ಯೆ ಬಲ್ಲವರಿಗೆ ಹೊಲಿಗೆ ಯಂತ್ರದ ಬಿಡಿಭಾಗ ಕಷ್ಟವಾಗಲಿಲ್ಲ. ಯುದ್ಧ ಮುಗಿದರೆ ಕಾರ್ಖಾನೆ ಬೇರೆ ದಾರಿ ಹಿಡಿಯುತ್ತದೆ. ಆದರೆ ಆಗಲೇ ಮಾಡಿ ಕಳಿಸಿದ ಬಂದೂಕುಗಳು ಏನಾಗುತ್ತವೆ? ಯುದ್ಧವೇ ಮುಗಿಯದಿದ್ದರೆ?

ಇದಕ್ಕೆ ಉತ್ತರ ಹುಡುಕಲು ಕಲಾಶ್ನಿಕೋವ್ ಎಂಬ ಬಂದೂಕಿನ ಹಿಂದೆ ಹೋಗಬೇಕು. ಪತ್ರಿಕೆಗಳಲ್ಲಿ ಎ.ಕೆ.-47 ಎಂದು ನಾವೆಲ್ಲ ಓದಿರುವ ಹೆಸರು ಅದೇ. ಮಿಖಾಯಿಲ್ ಕಲಾಶ್ನಿಕೋವ್ 1919ರಲ್ಲಿ ರಷ್ಯಾದ ಅಲ್ತಾಯ್ ಸೀಮೆಯ ಒಂದು ಹಳ್ಳಿಯಲ್ಲಿ, ಮಕ್ಕಳು ತುಂಬಿದ ರೈತನ ಮನೆಯಲ್ಲಿ ಹುಟ್ಟಿದವನು. 1930ರಲ್ಲಿ ಸ್ಟಾಲಿನ್ನನ ಸರ್ಕಾರ ಈ ಕುಟುಂಬಕ್ಕೆ ಸಿರಿವಂತ ರೈತರೆಂಬ ಹಣೆಪಟ್ಟಿ ಹಚ್ಚಿ ಮನೆಮಠ ಬಿಡಿಸಿ ಸೈಬೀರಿಯಾದ ದೂರದ ಮೂಲೆಗೆ ಅಟ್ಟಿತು. ಹುಡುಗನಿಗೆ ಕವಿತೆ ಬರೆಯುವ ಹುಚ್ಚು, ಜೊತೆಗೆ ಯಂತ್ರ ಬಿಚ್ಚಿ ನೋಡುವ ಹುಚ್ಚು. 1941ರಲ್ಲಿ ಜರ್ಮನಿಯ ಸೇನೆ ನುಗ್ಗಿ ಬಂದಾಗ ಅವನು ಟ್ಯಾಂಕ್ ದಳದಲ್ಲಿದ್ದ. ಬ್ರಯಾನ್ಸ್ಕ್ ಬಳಿ ಗಾಯಗೊಂಡು ಆಸ್ಪತ್ರೆ ಸೇರಿದ. ಶತ್ರುವಿನ ಕೈಯಲ್ಲಿರುವಂಥ ಬಂದೂಕು ನಮ್ಮವರಿಗೆ ಯಾಕಿಲ್ಲ ಎಂಬ ಕೊರಗು ಅಲ್ಲಿ ಹತ್ತಿಕೊಂಡಿತು. ಮುಂದೆ ಅವನು ಕಟ್ಟಿಕೊಂಡ ಹೆಂಡತಿ ಎಕಟೆರಿನಾ ನಕ್ಷೆ ಬರೆಯುವುದರಲ್ಲಿ ನುರಿತವಳು. ಗಂಡನ ಕಲ್ಪನೆಯನ್ನು ಕಾಗದಕ್ಕೆ ಇಳಿಸಿದ್ದರಲ್ಲಿ ಅವಳ ಕೈಯೂ ಇದೆ. 1947ರಲ್ಲಿ ರೂಪುಗೊಂಡ ಬಂದೂಕನ್ನು 1949ರಲ್ಲಿ ಸೋವಿಯತ್ ಸೇನೆ ಒಪ್ಪಿಕೊಂಡಿತು.

ಆ ಬಂದೂಕಿನ ಗುಟ್ಟು ಅದರ ಸಡಿಲತನದಲ್ಲಿದೆ. ಒಳಗಿನ ಭಾಗಗಳ ನಡುವೆ ಬೇಕೆಂದೇ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಮರಳು ಹೊಕ್ಕರೂ, ಕೆಸರು ಮೆತ್ತಿದರೂ ಸಿಕ್ಕಿಕೊಳ್ಳುವುದು ಅಪರೂಪ. ಹಾರಿದ ಗುಂಡಿನ ಹಿಂದಿನ ಅನಿಲವೇ ಒಳಗಿನ ಕೊಂತವನ್ನು ಹಿಂದಕ್ಕೆ ತಳ್ಳಿ ಮುಂದಿನ ಗುಂಡನ್ನು ಸಜ್ಜು ಮಾಡುತ್ತದೆ. ಒಂದು ಪೆಟ್ಟಿಗೆಗೆ 30 ಗುಂಡು, ತೂಕ ನಾಲ್ಕು ಕೆ.ಜಿ.ಯ ಆಸುಪಾಸು. ಬಿಚ್ಚಿ ಒರೆಸಿ ಮತ್ತೆ ಜೋಡಿಸುವುದನ್ನು ಅಕ್ಷರ ಬಾರದವನೂ ಬೇಗನೆ ಕಲಿಯಬಲ್ಲ. ಚಳಿಯಲ್ಲಿ ಕೈಗವಸು ಹಾಕಿಕೊಂಡ ಸೈನಿಕನಿಗಾಗಿ ಮಾಡಿದ ಈ ಅನುಕೂಲವೇ ಮುಂದೆ ಶಾಪವಾಯಿತು. ದೊಡ್ಡವರಿಗೆ ಸುಲಭವಾದದ್ದು ಹತ್ತು ವರ್ಷದ ಹುಡುಗನಿಗೂ ಸುಲಭವೇ ಅಲ್ಲವೆ? ಚೀನಾ, ಪೋಲೆಂಡ್, ಬಲ್ಗೇರಿಯಾ, ರೊಮೇನಿಯಾ, ಉತ್ತರ ಕೊರಿಯಾಗಳೂ ಇದನ್ನು ತಯಾರಿಸಿದವು. ಲೋಕದಲ್ಲಿ ಈ ಜಾತಿಯ ಬಂದೂಕು 7ರಿಂದ 10 ಕೋಟಿ ಇರಬಹುದೆಂಬ ಅಂದಾಜಿದೆ.

ಅವುಗಳಲ್ಲಿ ಒಂದು ಪಾಲು ಹೋಗಿ ಬಿದ್ದದ್ದು ಆಫ್ರಿಕಾದ ಮೊಜಾಂಬಿಕ್‌ಗೆ. ನಮ್ಮ ಕಾರವಾರದ ಪಕ್ಕದ ಗೋವೆಯನ್ನು 1961ರವರೆಗೆ ಆಳಿದ ಪೋರ್ಚುಗೀಸರೇ ಅಲ್ಲಿಯೂ ದೊರೆಗಳು. 1752ರವರೆಗೆ ಆ ನಾಡಿನ ಆಡಳಿತ ನಡೆದದ್ದೇ ಗೋವೆಯಿಂದ. 1964ರಲ್ಲಿ ಫ್ರೆಲಿಮೊ ಎಂಬ ಸಂಘಟನೆ ಅವರ ವಿರುದ್ಧ ಶಸ್ತ್ರ ಎತ್ತಿತು. 1967ರಲ್ಲಿ ಹೆಣ್ಣುಮಕ್ಕಳದೇ ಒಂದು ದಳ ಕಟ್ಟಿದರು. ಜೋಸಿನಾ ಮಶೆಲ್ ಎಂಬ ತರುಣಿ ಆ ದಳದಲ್ಲಿ ತರಬೇತಿ ಪಡೆದವಳು. ಬಂದೂಕು ಹಿಡಿಯುವುದನ್ನು ಕಲಿತವಳೇ ಯುದ್ಧದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಸಾಕುವ ವ್ಯವಸ್ಥೆಗೂ ದುಡಿದಳು. 1971ರ ಏಪ್ರಿಲ್ 7ರಂದು ಕಾಯಿಲೆಯಿಂದ ತೀರಿಕೊಂಡಾಗ ಅವಳ ವಯಸ್ಸು ಬರೀ 25. ಆ ದಿನವನ್ನೇ ಅಲ್ಲಿ ಮಹಿಳೆಯರ ದಿನವೆಂದು ಆಚರಿಸುತ್ತಾರೆ.

1975ರ ಜೂನ್ 25ರಂದು ಸ್ವಾತಂತ್ರ್ಯ ಬಂತು. 1983ರಲ್ಲಿ ಈಗಿನ ಧ್ವಜ ಬಂತು. ಅದರಲ್ಲಿ ಒಂದು ತೆರೆದ ಪುಸ್ತಕ, ಒಂದು ಗುದ್ದಲಿ, ಗುದ್ದಲಿಗೆ ಅಡ್ಡಲಾಗಿ ಬಾನೆಟ್ಟು ಸಿಕ್ಕಿಸಿದ ಕಲಾಶ್ನಿಕೋವ್. ಓದು, ದುಡಿಮೆ, ಕಾವಲು ಎಂಬ ಅರ್ಥ. ಬಿಡುಗಡೆ ತಂದುಕೊಟ್ಟ ಆಯುಧಕ್ಕೆ ಕೃತಜ್ಞತೆ ಇರುವುದು ಸಹಜವೇ. ನಾವು ಅದನ್ನು ಹಳಿಯಬೇಕಾಗಿಲ್ಲ.

ಆದರೆ ಬಂದೂಕಿಗೆ ಪಕ್ಷವಿಲ್ಲ. 1977ರಿಂದ ರೆನಾಮೊ ಎಂಬ ಇನ್ನೊಂದು ಗುಂಪು ಹೊಸ ಸರ್ಕಾರದ ಮೇಲೆ ಬಿದ್ದಿತು. ಅದಕ್ಕೆ ಮೊದಲು ರೊಡೇಶಿಯಾದ, ಆಮೇಲೆ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರದ ಬೆಂಬಲ. ಧ್ವಜದಲ್ಲಿದ್ದ ಬಂದೂಕೇ ಎರಡೂ ಕಡೆಯವರ ಹೆಗಲೇರಿತು. ಹಳ್ಳಿಗಳಿಂದ ಎಳೆದೊಯ್ದ ಹುಡುಗರ ಕೈಗೂ ಬಂತು. ಹದಿನೈದು ವರ್ಷ ನಡೆದ ಈ ಕಾಳಗ, ಅದರ ಬೆನ್ನಿಗೇ ಬಂದ ಹಸಿವು ಎರಡೂ ಸೇರಿ ಹತ್ತು ಲಕ್ಷದಷ್ಟು ಜೀವ ತೆಗೆದವು. 1992ರ ಅಕ್ಟೋಬರ್ 4ರಂದು ರೋಮ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಸಹಿ ಬಿದ್ದಿದ್ದು ಕಾಗದದ ಮೇಲೆ. ಬಂದೂಕುಗಳು ಮಾತ್ರ ಹೊಲದಲ್ಲಿ ಹೂತು, ಗುಡಿಸಲ ಮಾಡಿನಲ್ಲಿ ಅಡಗಿ ಕುಳಿತಿದ್ದವು. ಗಂಡಸು ಮನೆಗೆ ಮರಳಿದ್ದಾನೆ, ಅವನಿಗೆ ಗೊತ್ತಿರುವ ಕಸುಬು ಅದೊಂದೇ. ಬಿತ್ತಲು ನೇಗಿಲಿಲ್ಲ, ಉಣ್ಣಲು ಕಾಳಿಲ್ಲ. ಅಂಥ ಮನೆಯ ಹೆಂಗಸಿನ ಎದೆ ಹೇಗೆ ಹೊಡೆದುಕೊಂಡಿರಬೇಕು!

ಆಗ, 1995ರಲ್ಲಿ, ಅಲ್ಲಿನ ಕ್ರೈಸ್ತ ಮಂಡಳಿ ಬಿಷಪ್ ಡಿನಿಸ್ ಸೆಂಗುಲಾನೆಯವರ ಮುಂದಾಳತ್ವದಲ್ಲಿ ಒಂದು ಕೆಲಸ ಶುರುಮಾಡಿತು. ಅದರ ಹೆಸರೇ ಆಯುಧಗಳನ್ನು ಗುದ್ದಲಿಗಳಾಗಿಸುವುದು ಎಂದು. ಬಂದೂಕು ತಂದು ಒಪ್ಪಿಸಿ, ಬದಲಿಗೆ ನಿಮಗೆ ಬೇಕಾದ ಸಾಧನ ತೆಗೆದುಕೊಂಡು ಹೋಗಿ. ಗುದ್ದಲಿ, ನೇಗಿಲು, ಸೈಕಲ್ಲು, ಮಾಡಿಗೆ ತಗಡು, ಹೊಲಿಗೆ ಯಂತ್ರ. ಬಹಳಷ್ಟು ಆಯುಧ ಒಪ್ಪಿಸಿದ ಒಂದು ಹಳ್ಳಿಗೆ ಟ್ರ್ಯಾಕ್ಟರನ್ನೇ ಕೊಟ್ಟರಂತೆ. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಬದಲಿಗೆ ದುಡ್ಡು ಕೊಡದೆ ಹೋದ ಜಾಣತನ. ದುಡ್ಡು ಎರಡು ದಿನದಲ್ಲಿ ಕರಗುತ್ತದೆ, ಇನ್ನೊಂದು ಬಂದೂಕನ್ನೂ ಕೊಳ್ಳುತ್ತದೆ. ಹೊಲಿಗೆ ಯಂತ್ರ ಹಾಗಲ್ಲ. ಗಂಡ ಹೋದ ಮೇಲೆ, ತವರು ಕೈಬಿಟ್ಟ ಮೇಲೆ ಒಂದು ಹೊಲಿಗೆ ಯಂತ್ರದಿಂದ ಮಕ್ಕಳನ್ನು ಓದಿಸಿದ ಎಷ್ಟು ಹೆಂಗಸರು ನಮ್ಮ ಬೀದಿಗಳಲ್ಲಿಲ್ಲ? ರವಿಕೆ ಹೊಲಿದು ಸಂಸಾರ ದಡ ಮುಟ್ಟಿಸಿದವರಿಗೆ ಆ ಬಿಷಪ್ಪರ ಲೆಕ್ಕಾಚಾರ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಪ್ಪಿಸಿದ ಬಂದೂಕುಗಳನ್ನು ಕತ್ತರಿಸಿ ನಿರುಪಯೋಗಿ ಮಾಡಿದರು. ಕೆಲವು ತುಂಡುಗಳನ್ನು ಕಲಾವಿದರಿಗೆ ಕೊಟ್ಟರು. ಕೆಸ್ಟರ್ ಎಂಬ ಕಲಾವಿದ 2001ರಲ್ಲಿ ಅವುಗಳಿಂದ ಕೈಯಿರುವ ಒಂದು ಕುರ್ಚಿ ಮಾಡಿದ. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿರುವ ಒಂದು ಬಂದೂಕೂ ಆಫ್ರಿಕಾದಲ್ಲಿ ತಯಾರಾದದ್ದಲ್ಲ. ಸತ್ತವರು ಅಲ್ಲಿಯವರು, ಸಾಯಿಸಿದ ಸಲಕರಣೆ ಮಾತ್ರ ಪರದೇಶದ್ದು.

ಇತ್ತ ಕಲಾಶ್ನಿಕೋವ್ ಮುದುಕನಾದ. ಮೊದಲೆಲ್ಲ, ನನ್ನ ನಿದ್ದೆಗೇನೂ ಭಂಗವಿಲ್ಲ, ತಪ್ಪು ರಾಜಕಾರಣಿಗಳದು ಎನ್ನುತ್ತಿದ್ದ. 2002ರಲ್ಲಿ, ಹುಲ್ಲು ಕತ್ತರಿಸುವ ಯಂತ್ರದಂಥ ಏನಾದರೂ ರೈತರಿಗೆ ಉಪಯೋಗವಾಗುವುದನ್ನು ಮಾಡಿದ್ದರೆ ಚೆನ್ನಾಗಿತ್ತು ಎಂದ. ಬದುಕಿನ ಕೊನೆಯ ವರ್ಷಗಳಲ್ಲಿ ರಷ್ಯಾದ ಧರ್ಮಗುರುಗಳಿಗೆ ಕಾಗದ ಬರೆದ. ನನ್ನ ಬಂದೂಕು ಜನರ ಪ್ರಾಣ ತೆಗೆದಿದ್ದರೆ, ಅವರು ಶತ್ರುಗಳೇ ಆಗಿದ್ದರೂ, ಆ ಸಾವಿನ ಪಾಪ ನನ್ನದೇ ಎಂಬುದು ಅವನ ಪ್ರಶ್ನೆ. ದೇಶ ಕಾಯಲು ಮಾಡಿದ ಆಯುಧಕ್ಕೆ ಧರ್ಮದ ಒಪ್ಪಿಗೆ ಇದೆ ಎಂಬರ್ಥದ ಮಾತು ಧರ್ಮಪೀಠದ ಕಡೆಯಿಂದ ಬಂತು. ಅವನು 2013ರ ಡಿಸೆಂಬರ್ 23ರಂದು ತೀರಿಕೊಂಡ. ಕಾಗದದ ವಿಷಯ ಲೋಕಕ್ಕೆ ತಿಳಿದದ್ದು ಮರುತಿಂಗಳು.

ಮೊಜಾಂಬಿಕ್‌ನಲ್ಲಿ ಕಥೆ ಮುಗಿದಿಲ್ಲ. 2005ರಲ್ಲಿ ಹೊಸ ಧ್ವಜಕ್ಕೆ ಸ್ಪರ್ಧೆ ಏರ್ಪಡಿಸಿದರು, ಆದರೆ ಬಂದೂಕು ಧ್ವಜದಿಂದ ಇಳಿಯಲಿಲ್ಲ. 2013ರ ಹೊತ್ತಿಗೆ ರೆನಾಮೊ ಜೊತೆ ಮತ್ತೆ ಕಾದಾಟ, 2019ರಲ್ಲಿ ಮತ್ತೊಂದು ಒಪ್ಪಂದ. 2017ರಿಂದ ಉತ್ತರದ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ ಬೇರೆಯೇ ದಂಗೆ. ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಹಾಗಾದರೆ ಬಿಷಪ್ಪರ ಶ್ರಮ ದಂಡವಾಯಿತೇ? ನನಗೆ ಹಾಗೆನ್ನಿಸುವುದಿಲ್ಲ. ಕತ್ತರಿಸಿದ ಒಂದು ಬಂದೂಕೂ ಮತ್ತೆ ಹಾರಿಲ್ಲ. ಯುದ್ಧ ನಿಲ್ಲಿಸುವುದು ದೊಡ್ಡವರ ಮಾತು. ಒಂದು ಮನೆಯೊಳಗಿನ ಬಂದೂಕು ಹೊರಗೆ ಹೋಗಿ, ಆ ಜಾಗದಲ್ಲಿ ಹೊಲಿಗೆ ಯಂತ್ರ ಬಂದು ಕುಳಿತರೆ, ಆ ಮನೆಯ ಮಟ್ಟಿಗೆ ಯುದ್ಧ ಅಂದೇ ಮುಗಿದಂತೆ.