ಅಬರ್ಡೀನಿನ ಮಾಂಸದ ಡಬ್ಬಿ



ಮಾರಿದ ಸರಕನ್ನು ವಾಪಸು ಕರೆಸುವುದು ಅಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಸಂತೆಯಲ್ಲಿ ಕೊಟ್ಟದ್ದು ಕೊಟ್ಟ ಹಾಗೇ ತಾನೆ? ಆದರೆ ತಿನ್ನುವ ಪದಾರ್ಥ ಕೆಟ್ಟಿದೆಯೆಂಬ ಅನುಮಾನ ಹುಟ್ಟಿದ ಮೇಲೂ ಅದನ್ನು ಅಂಗಡಿಯಿಂದ ತೆಗೆಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ ನಡೆದದ್ದನ್ನು ಕೇಳಬೇಕು. ಉಪ್ಪಿನಲ್ಲಿ ಹದಮಾಡಿ, ಬೇಯಿಸಿ, ಡಬ್ಬಿಯಲ್ಲಿ ತುಂಬಿದ ದನದ ಮಾಂಸವನ್ನು ಅಲ್ಲಿಯ ಜನ ಅಂಗಡಿಯಲ್ಲೇ ತೆಳ್ಳಗೆ ಕೊಯ್ಯಿಸಿ ತರುತ್ತಾರೆ. ಮನೆಯಲ್ಲಿ ಮತ್ತೆ ಒಲೆಗೆ ಇಡುವುದಿಲ್ಲ, ಹಾಗೇ ಬ್ರೆಡ್ಡಿನ ಜೊತೆ ತಿನ್ನುತ್ತಾರೆ.

1964ರ ಮೇ ತಿಂಗಳಲ್ಲಿ ಆ ಊರಿಗೆ ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ಬಂತು. ಕೆಲವೇ ವಾರಗಳಲ್ಲಿ 500ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಒಂದು ಅಂಗಡಿ, ಅಲ್ಲಿ ಒಡೆದ ಒಂದು ದೊಡ್ಡ ಡಬ್ಬಿ. ಅದು ಅರ್ಜೆಂಟೀನಾ ದೇಶದಿಂದ ಹಡಗಿನಲ್ಲಿ ಬಂದದ್ದು.

ಮುಚ್ಚಿದ ಡಬ್ಬಿಯೊಳಗೆ ರೋಗಾಣು ಹೋದದ್ದಾದರೂ ಹೇಗೆ? ಮಾಂಸ ತುಂಬಿ, ಮುಚ್ಚಿ, ಚೆನ್ನಾಗಿ ಕಾಯಿಸಿದ ಮೇಲೆ ಡಬ್ಬಿಯನ್ನು ನೀರಿನಲ್ಲಿ ಆರಿಸುತ್ತಾರೆ. ಆರುವಾಗ ಒಳಗಿನ ಆವಿ ಕುಗ್ಗಿ, ಡಬ್ಬಿ ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಅಂಚಿನಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ ಸಾಕು, ಒಂದು ಹನಿ ಒಳಗೆ ಹೋಯಿತು ಅನ್ನಿ. ರೊಸಾರಿಯೋ ಊರಿನ ಆ ಕಾರ್ಖಾನೆ ಬಳಸಿದ್ದು ಪರಾನಾ ನದಿಯ ನೀರು. ಊರ ಚರಂಡಿಯೂ ಅದೇ ನದಿಗೆ ಸೇರುತ್ತಿತ್ತು. ನೀರಿಗೆ ಕ್ಲೋರಿನ್ ಹಾಕಿರಲಿಲ್ಲ. ಟೈಫಾಯಿಡ್ ರೋಗಾಣು ಅನಿಲ ಹೊರಡಿಸುವಂಥದಲ್ಲ. ಹಾಗಾಗಿ ಡಬ್ಬಿ ಉಬ್ಬಲಿಲ್ಲ, ಮಾಂಸ ನಾರಲಿಲ್ಲ. ಹಳಸಿದ್ದನ್ನು ನಮ್ಮ ತಾಯಂದಿರು ಮೂಗಿನಿಂದಲೇ ಹಿಡಿದುಬಿಡುತ್ತಾರೆ. ಇಲ್ಲಿ ಆ ಜಾಣ್ಮೆಯೂ ಸಾಗುತ್ತಿರಲಿಲ್ಲ. ಅಂಗಡಿಯ ಕೊಯ್ಯುವ ಯಂತ್ರಕ್ಕೆ ಅಂಟಿದ ರೋಗಾಣು, ಅದರಲ್ಲೇ ಕೊಯ್ದ ಬೇರೆ ಮಾಂಸಕ್ಕೂ ಹತ್ತಿತು.

ಕೇಳಿದರೆ ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ಹಿಂದಿನ ವರ್ಷ, 1963ರಲ್ಲೇ, ಇಂಗ್ಲೆಂಡಿನ ಹಾರ್ಲೋ ಮುಂತಾದ ಊರುಗಳಲ್ಲಿ ಇದೇ ಜ್ವರ ಬಂದು, ಡಬ್ಬಿ ಮಾಂಸದ ಮೇಲೆ ಅನುಮಾನ ಬಿದ್ದಿತ್ತು. ಕ್ಲೋರಿನ್ ಇಲ್ಲದ ನೀರಿನ ಸಂಗತಿ ಸರ್ಕಾರದ ಅಧಿಕಾರಿಗಳಿಗೆ ತಿಳಿದಿತ್ತು. ಆದರೂ ಅಷ್ಟರಲ್ಲಿ ಬಂದು ಉಗ್ರಾಣ ಸೇರಿದ್ದ ಡಬ್ಬಿಗಳನ್ನು ಪೂರ್ತಿ ವಾಪಸು ತರಿಸಲಿಲ್ಲ. ಸುದ್ದಿ ಕಡತದಲ್ಲೇ ಉಳಿಯಿತು, ಡಬ್ಬಿ ಅಂಗಡಿಗೆ ಹೋಯಿತು.

ಅಬರ್ಡೀನಿನ ಆರೋಗ್ಯಾಧಿಕಾರಿ ಇಯಾನ್ ಮ್ಯಾಕ್ವೀನ್ ಮಾತ್ರ ಸುಮ್ಮನಿರಲಿಲ್ಲ. ದಿನವೂ ಪತ್ರಿಕೆಯವರನ್ನು ಕರೆದು ವಿಷಯ ತಿಳಿಸಿದರು, ಕೈ ತೊಳೆಯಿರಿ ಎಂದು ಸಾರಿಸಿದರು. ಡಂಗುರ ಅತಿಯಾಯಿತು ಎಂಬ ಟೀಕೆಯೂ ಬಂತು. ಹಳ್ಳಿಹಳ್ಳಿಗೆ ವಿಷಯ ಮುಟ್ಟಿಸುವುದೇ ಕಸುಬಾದ ನನಗಂತೂ ಅವರ ಪಕ್ಷವೇ ಸರಿ ಅನ್ನಿಸುತ್ತದೆ.

ಈಚೆಗೆ, 2024ರಲ್ಲಿ, ಅಮೆರಿಕದಲ್ಲಿ ಕೊಯ್ದ ಮಾಂಸದಿಂದ ಲಿಸ್ಟೀರಿಯಾ ಎಂಬ ರೋಗಾಣು ಹರಡಿ 61 ಜನ ಕಾಯಿಲೆ ಬಿದ್ದರು, 10 ಜನ ಸತ್ತರು. ಜುಲೈ ಕೊನೆಯಲ್ಲಿ ಒಂದು ಕಂಪನಿ 70 ಲಕ್ಷ ಪೌಂಡಿಗೂ ಮಿಕ್ಕಿ ಮಾಲನ್ನು ವಾಪಸು ಕರೆಯಿತು. ಈ ರೋಗಾಣು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಬಸುರಿಯರಿಗೆ, ಹೊಟ್ಟೆಯ ಕೂಸಿಗೆ, ಮುದುಕರಿಗೆ ಬಲು ಕೆಟ್ಟದ್ದು. ಚೆನ್ನಾಗಿ ಹಬೆಯಾಡುವಂತೆ ಬಿಸಿಮಾಡಿದರೆ ಸಾಯುತ್ತದೆ.

ನಮ್ಮ ದೇಶದಲ್ಲೂ ಆಹಾರ ವಾಪಸಾತಿಗೆಂದೇ 2017ರಲ್ಲಿ ನಿಯಮ ಬಂದಿದೆ. ಆದ್ದರಿಂದ ಮಾಂಸವಾಗಲಿ ಹಾಲಿನ ಪುಡಿಯಾಗಲಿ, ಮುಗಿಯುವ ತನಕ ಪೊಟ್ಟಣ ಬಿಸಾಡಬೇಡಿ. ಬ್ಯಾಚ್ ನಂಬರು ಇರುವುದು ಅದರ ಮೇಲೆಯೇ. ಪತ್ರಿಕೆಯಲ್ಲೋ ರೇಡಿಯೋದಲ್ಲೋ ಅದೇ ನಂಬರು ಬಂದರೆ, ರುಚಿ ನೋಡುವ ಗೋಜಿಗೆ ಹೋಗದೆ, ನಾಯಿಗೂ ಹಾಕದೆ, ಕಟ್ಟಿ ಅಂಗಡಿಗೆ ಹಿಂತಿರುಗಿಸಿ. ಇಟ್ಟಿದ್ದ ಜಾಗ, ಈಳಿಗೆ, ಚಾಕು ಎಲ್ಲವನ್ನೂ ಬಿಸಿನೀರು ಸೋಪು ಹಾಕಿ ತೊಳೆಯಿರಿ. ಆಗಲೇ ತಿಂದಾಗಿದ್ದು, ಆಮೇಲೆ ಜ್ವರ ಬಂದರೆ, ತಿಂದದ್ದೇನೆಂದು ಡಾಕ್ಟರಿಗೆ ಹೇಳಿ. ಲಿಸ್ಟೀರಿಯಾ ತಿಂದು ಎರಡು ತಿಂಗಳಾದ ಮೇಲೂ ತಲೆಯೆತ್ತುವುದುಂಟು.