ಬಾಂಬುಗಳ ಮಳೆಯಲ್ಲಿ ಲಂಡನ್ (1940-41)

1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾದಾಗ ಹಿಟ್ಲರನ ಸೇನೆಗೂ ಬ್ರಿಟನ್ನಿಗೂ ನಡುವೆ ಉಳಿದದ್ದು ಕೇವಲ 21 ಮೈಲಿಯ ಕಡಲು. ಡಂಕರ್ಕ್‌ನಿಂದ ಸುಮಾರು 3,38,000 ಸೈನಿಕರು ಪಾರಾಗಿ ಬಂದಿದ್ದರೂ ಅವರ ಫಿರಂಗಿಗಳು, ವಾಹನಗಳು ಬಹುಪಾಲು ಅಲ್ಲೇ ಉಳಿದಿದ್ದವು. ಶತ್ರು ಇಂದು ಬಂದಾನು, ನಾಳೆ ಬಂದಾನು ಎಂಬ ಭೀತಿ ಮನೆಮನೆಯಲ್ಲೂ ಇತ್ತು. ಅವನಿಗೆ ದಾರಿ ತಿಳಿಯಬಾರದೆಂದು ರಸ್ತೆಯ ಕೈಕಂಬಗಳನ್ನೇ ಕಿತ್ತುಹಾಕಲಾಯಿತು. ಚರ್ಚಿನ ಗಂಟೆಗಳು ಮೌನವಾದವು. ಶತ್ರು ನೆಲಕ್ಕಿಳಿದರೆ ಮಾತ್ರ ಅವುಗಳನ್ನು ಬಾರಿಸಬೇಕೆಂಬ ಆಜ್ಞೆಯಾಯಿತು. ಮೇ 14ರಂದು ಯುದ್ಧ ಸಚಿವ ಆಂಥನಿ ಈಡನ್ ರೇಡಿಯೋದಲ್ಲಿ ಕರೆ ಕೊಟ್ಟಿದ್ದ ಸ್ವಯಂಸೇವಕ ದಳಕ್ಕೆ ಜುಲೈ ಮುಗಿಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಮೊದಮೊದಲು ಬಂದೂಕು ಸಾಲದೆ ಕೆಲವರು ಕೋಲು ಹಿಡಿದೇ ಕವಾಯತು ಮಾಡಿದ್ದುಂಟು.

ಸೆಪ್ಟೆಂಬರ್ 7ರ ಶನಿವಾರ ಸಂಜೆ ಜರ್ಮನ್ ವಿಮಾನಗಳು ಪೂರ್ವ ಲಂಡನ್ನಿನ ಬಂದರು ಪ್ರದೇಶದ ಮೇಲೆ ಎರಗಿದವು. ಗೋದಾಮುಗಳು ಹೊತ್ತಿ ಉರಿದವು. ಸುಮಾರು 430 ಜನ ಸತ್ತರು. ಅದೇ ಸಂಜೆ ಆಕ್ರಮಣದ ಮುನ್ಸೂಚನೆಯಾಗಿ 'ಕ್ರಾಮ್‌ವೆಲ್' ಎಂಬ ಸಂಕೇತಪದ ಸೇನೆಗೆ ಹೋಯಿತು. ಕೆಲವು ಊರುಗಳಲ್ಲಿ ಶತ್ರು ಬಂದೇಬಿಟ್ಟನೆಂದು ಗಂಟೆಗಳನ್ನೂ ಬಾರಿಸಿದರು. ಕಡಲಿನಿಂದ ಯಾರೂ ಬರಲಿಲ್ಲ. ಆದರೆ ವಿಮಾನಗಳು ನಂತರದ ಸುಮಾರು ಎಂಟು ವಾರಗಳ ಕಾಲ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಬಂದವು.

ನಾವು ಶಾಲೆಯಲ್ಲಿ ಓದುವುದು ಚರ್ಚಿಲ್ಲರ ಭಾಷಣಗಳನ್ನು. ಭಾಷಣಗಳು ಧೈರ್ಯ ಕೊಟ್ಟವು ನಿಜ, ಆದರೆ ರಾತ್ರಿ ಮಲಗಲು ಜಾಗ ಕೊಡಲಿಲ್ಲ. ಸರ್ಕಾರ ಬಡವರಿಗೆ ಉಚಿತವಾಗಿ ಹಂಚಿದ್ದ ಆಂಡರ್ಸನ್ ಆಸರೆಯೆಂದರೆ ಹಿತ್ತಿಲಿನಲ್ಲಿ ಗುಂಡಿ ತೋಡಿ ಹುಗಿಯುವ ತಗಡಿನ ಗೂಡು. ಆದರೆ ಬಂದರು ಕೂಲಿಗಳ ಎಷ್ಟೋ ಮನೆಗಳಿಗೆ ಹಿತ್ತಿಲೇ ಇರಲಿಲ್ಲ! ಕ್ಯಾನಿಂಗ್ ಟೌನ್‌ನಲ್ಲಿ ಮನೆ ಕಳೆದುಕೊಂಡವರನ್ನು ಒಂದು ಶಾಲೆಯಲ್ಲಿ ಕೂರಿಸಿ, ಬಸ್ಸುಗಳು ಬರುತ್ತವೆ ಎಂದು ಭರವಸೆ ಕೊಡಲಾಗಿತ್ತು. ಬಸ್ಸು ಬರಲಿಲ್ಲ. ಸೆಪ್ಟೆಂಬರ್ 10ರ ನಸುಕಿನಲ್ಲಿ ಬಾಂಬು ಬಿತ್ತು. ಸರ್ಕಾರಿ ಲೆಕ್ಕದಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಾವು; ಅದರ ಹಲವು ಪಟ್ಟು ಜನ ಸತ್ತರೆಂಬುದು ಸ್ಥಳೀಯರ ನಂಬಿಕೆ.

ನೆಲದಡಿಯ ರೈಲು ನಿಲ್ದಾಣಗಳನ್ನು ಆಸರೆಯಾಗಿ ಬಳಸಲು ಸರ್ಕಾರ ಮೊದಲು ಒಪ್ಪಿರಲಿಲ್ಲ. ಒಮ್ಮೆ ಕೆಳಗಿಳಿದ ಜನ ಮತ್ತೆ ಕೆಲಸಕ್ಕೆ ಮೇಲೆ ಬರಲಾರರೆಂಬ ಅನುಮಾನ ಅಧಿಕಾರಿಗಳದ್ದು. ಜನ ಜಗಳಕ್ಕೆ ನಿಲ್ಲಲಿಲ್ಲ. ಅತಿ ಕಡಿಮೆ ದರದ ಟಿಕೆಟ್ ಕೊಂಡು, ಕಂಬಳಿ ಮಕ್ಕಳೊಂದಿಗೆ ಇಳಿದು, ಪ್ಲಾಟ್‌ಫಾರ್ಮಿನಲ್ಲೇ ಮಲಗಿಬಿಟ್ಟರು. ಸೆಪ್ಟೆಂಬರ್ 27ರ ರಾತ್ರಿ ಅಲ್ಲಿದ್ದವರು ಸುಮಾರು 1,77,000. ಕೊನೆಗೆ ಸರ್ಕಾರವೇ ಮಣಿದು ಮಂಚ, ಶೌಚಾಲಯ, ಚಹಾದ ವ್ಯವಸ್ಥೆ ಮಾಡಿತು. ಬೆಳಗಾದರೆ ಅವರು ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಅಧಿಕಾರಿಗಳ ಅನುಮಾನ ಸುಳ್ಳಾಯಿತು. ಅಲ್ಲಿಯೂ ಪೂರ್ಣ ಸುರಕ್ಷತೆ ಇರಲಿಲ್ಲವೆನ್ನಿ. ಅಕ್ಟೋಬರ್ 14ರಂದು ಬಾಲಂ ನಿಲ್ದಾಣದ ಮೇಲಿನ ರಸ್ತೆಗೆ ಬಾಂಬು ಬಿದ್ದು, ಒಡೆದ ಕೊಳವೆಗಳ ನೀರು ಸುರಂಗಕ್ಕೆ ನುಗ್ಗಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಲಂಡನ್ನಿನ ಬಹುಪಾಲು ಜನರಂತೂ ತಮ್ಮ ಮನೆಗಳಲ್ಲೇ ರಾತ್ರಿ ಕಳೆದರು.

ಬ್ರಿಟನ್ನಿನ ವಾಯುಪಡೆ ಸೋಲಲಿಲ್ಲವಾದ್ದರಿಂದ ಹಿಟ್ಲರ್ ಸೆಪ್ಟೆಂಬರ್ 17ರಂದೇ ಆಕ್ರಮಣವನ್ನು ಅನಿರ್ದಿಷ್ಟ ಕಾಲ ಮುಂದೂಡಿದ್ದ. ಪ್ಲಾಟ್‌ಫಾರ್ಮಿನಲ್ಲಿ ಮಲಗಿದ್ದವರಿಗೆ ಇದು ತಿಳಿಯುವಂತಿರಲಿಲ್ಲ. ದಾಳಿಗಳು 1941ರ ಮೇವರೆಗೆ ನಡೆದು, ನಲವತ್ತು ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತರು. ಚರ್ಚಿನ ಗಂಟೆಗಳು ಅಧಿಕೃತವಾಗಿ ಮತ್ತೆ ಮೊಳಗಿದ್ದು 1942ರ ನವೆಂಬರ್ 15ರಂದು, ಈಜಿಪ್ಟಿನ ಎಲ್ ಅಲಮೀನ್ ಗೆಲುವಿನ ಸುದ್ದಿಗೆ.