ಒಂದು ಅಲ್ಪವಿರಾಮದ ಬೆಲೆ

ಓಕಳಿಪುರಂನಂತಹ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಚಿಕ್ಕ ಮನೆಗೆ ಹಲವು ವಾರಸುದಾರರಿರುವುದು ಹೊಸದೇನಲ್ಲ. ಅಂತಹ ಮನೆಯ ಪಾಲುಪಟ್ಟಿಯಲ್ಲಿ 'ಮಹಮ್ಮದ್ ಗೌಸ್ ಪಾಷಾ ಇವರಿಗೆ ಸೇರತಕ್ಕದ್ದು' ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಇಲ್ಲಿರುವುದು ಒಬ್ಬರೇ, ಇಬ್ಬರೇ, ಮೂವರೇ? ನಮ್ಮಲ್ಲಿ ಈ ಮೂರೂ ಬೇರೆ ಬೇರೆ ಹೆಸರುಗಳು. ಮೂರೂ ಕೂಡಿ ಒಬ್ಬರದೇ ಹೆಸರೂ ಆಗಬಹುದು. 'ಇವರಿಗೆ' ಎಂಬ ಮಾತು ಒಬ್ಬ ಹಿರಿಯರಿಗೂ ಒಪ್ಪುತ್ತದೆ, ಮೂವರಿಗೂ ಒಪ್ಪುತ್ತದೆ. ಅಲ್ಪವಿರಾಮ ಬಿಟ್ಟುಹೋದರೆ ಒಬ್ಬರ ಹಕ್ಕೇ ಕಾಗದದಿಂದ ಅಳಿಸಿಹೋಗಬಹುದು.

ನಮ್ಮ ಪೂರ್ವಿಕರಿಗೆ ಈ ಚಿಹ್ನೆಯ ಪರಿಚಯವಿರಲಿಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಅದಿಲ್ಲ. ತಾಳೆಗರಿಗಳಲ್ಲಿ ಪದಗಳ ನಡುವೆ ತೆರಪು ಕೂಡ ಇರುತ್ತಿರಲಿಲ್ಲ. ಆದರೂ ಪಟ್ಟಿಗಳು ಗೊಂದಲವಾಗದಂತೆ ಭಾಷೆಯೇ ಕಾಯುತ್ತಿತ್ತು. ಹಳಗನ್ನಡದ 'ಉಂ', ಇಂದಿನ 'ಊ' ಆ ಕೆಲಸ ಮಾಡಿದವು. 'ಅಕ್ಕಿಯೂ ಬೇಳೆಯೂ ಬೆಲ್ಲವೂ' ಎಂದಾಗ ಪ್ರತಿ ವಸ್ತುವೂ ತನ್ನ ಗುರುತನ್ನು ತಾನೇ ಹೊತ್ತಿರುತ್ತದೆ.

ಅರಬಿಯ ದಾರಿಯೂ ಇದೇ. ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಹೇಳುವ ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ಪ್ರತಿ ವರ್ಗವನ್ನೂ 'ವ' ಎಂಬ ಅಕ್ಷರ ಜೋಡಿಸುತ್ತದೆ. ಓದುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದಕ್ಕೆ 12ನೇ ಶತಮಾನದ ವಿದ್ವಾಂಸ ಸಜಾವಂದಿ ವಕ್ಫ್ ಚಿಹ್ನೆಗಳನ್ನು ರೂಪಿಸಿದರು. ಮದ್ರಸಾದ ಮಕ್ಕಳು ಇಂದಿಗೂ ಅಂತಹ ಚಿಹ್ನೆಗಳನ್ನು ಕಲಿಯುತ್ತಾರೆ.

ನಾವಿಂದು ಬಳಸುವ ಅಲ್ಪವಿರಾಮದ ರೂಪ 15ನೇ ಶತಮಾನದ ಕೊನೆಯಲ್ಲಿ ವೆನಿಸಿನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಅಚ್ಚುಕೂಟದಲ್ಲಿ ನೆಲೆಗೊಂಡಿತು. ಕನ್ನಡಕ್ಕೆ ಅದು 19ನೇ ಶತಮಾನದಲ್ಲಿ ಮುದ್ರಣದ ಜೊತೆ ಬಂದಿತು. ಅರಬಿಯಲ್ಲಿ ಈಜಿಪ್ಟಿನ ಅಹ್ಮದ್ ಝಕಿ ಪಾಷಾ 1912ರಲ್ಲಿ ಲೇಖನ ಚಿಹ್ನೆಗಳ ನಿಯಮಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಬಲದಿಂದ ಎಡಕ್ಕೆ ಸಾಗುವ ಅರಬಿ, ಉರ್ದು ಬರಹಗಳಲ್ಲಿ ಅಲ್ಪವಿರಾಮ ತಲೆಕೆಳಗಾಗಿರುತ್ತದೆ. ಕೆಲಸ ಮಾತ್ರ ಅದೇ.

ಇಂದು ಪತ್ರಿಕೆಗಳಲ್ಲಿ, ಕಚೇರಿಯ ಕಾಗದಗಳಲ್ಲಿ ನಾವು 'ಊ' ಬಿಟ್ಟು ಹೆಸರುಗಳನ್ನಷ್ಟೇ ಸಾಲಾಗಿ ಬರೆಯುತ್ತೇವೆ. ಆಗ ಅವುಗಳನ್ನು ಬೇರ್ಪಡಿಸಲು ಉಳಿಯುವುದು ಅಲ್ಪವಿರಾಮ ಒಂದೇ. ಅಮೆರಿಕದ ಮೇಯ್ನ್ ರಾಜ್ಯದ ಕಾನೂನಿನಲ್ಲಿ ಹೆಚ್ಚುವರಿ ದುಡಿಮೆಯ ಭತ್ಯೆ ಸಿಗದ ಕೆಲಸಗಳ ಪಟ್ಟಿಯೊಂದಿತ್ತು. ಅದರ ಕೊನೆಯಲ್ಲಿ 'ಅಥವಾ' ಎಂಬ ಪದದ ಮುಂಚೆ ಅಲ್ಪವಿರಾಮವಿರಲಿಲ್ಲ. ಸಾಗಣೆಗೋ ವಿತರಣೆಗೋ ಕಟ್ಟಿಡುವುದು ಒಂದೇ ಕೆಲಸವೇ, ಇಲ್ಲವೆ ವಿತರಣೆ ಬೇರೆಯೇ ಕೆಲಸವೇ ಎಂಬ ಪ್ರಶ್ನೆ ಎದ್ದಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಹಾಲು ಸಾಗಿಸುವ ಚಾಲಕರ ಪರ ತೀರ್ಪು ನೀಡಿತು. 2018ರಲ್ಲಿ ಕಂಪೆನಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ಕರಾರನ್ನು ಬರೆದಿಡುವ ಕುರಿತಾದುದು. ಬರೆಯುವವನು ನ್ಯಾಯದಿಂದ ಬರೆಯಬೇಕೆಂದು ಅದು ಆದೇಶಿಸುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಬೇರೆಯಾಗಿ ಕಾಣಿಸುವುದೂ ಆ ನ್ಯಾಯಕ್ಕೆ ಸೇರಿದ್ದೇ. ಸಹಿ ಹಾಕುವ ಮುನ್ನ ಹೆಸರುಗಳನ್ನು ಎಣಿಸೋಣ, ಅವುಗಳ ನಡುವಿನ ಚಿಹ್ನೆಗಳನ್ನೂ ಎಣಿಸೋಣ.